ಬಲ್ಬ್ ಬದಲಿಸಿದರೂ ಸರಿಯಾಗದ ಬ್ರೇಕ್ ಲೈಟ್: ಬದಿಯಡ್ಕದ ಒಂದು ಕಾರಿನ ಪ್ರಕರಣ

ಕಾರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಬ್ಬ ಮಾಷ್ಟ್ರದ್ದು. ಕೆಎಲ್ 14 ನಂಬರಿನ ಪೆಟ್ರೋಲ್ ಗಾಡಿ, ಹನ್ನೆರಡು ವರ್ಷ ಹಳತು. ಎಂಜಿನ್ ಚೊಕ್ಕವಾಗಿದೆ. ದೂರು ಲೈಟಿನದ್ದು. ಬಲಗಡೆಯ ಹಿಂದಿನ ಬಲ್ಬ್ ಎಷ್ಟು ಬದಲಿಸಿದರೂ ಬ್ರೇಕ್ ಲೈಟ್ ಸರಿಯಾಗುತ್ತಿಲ್ಲ. ಮಳೆ ಶುರುವಾದ ಮೇಲೆ ಎಡಗಡೆಯ ಹೆಡ್‌ಲೈಟೂ ಮಂಕಾಗಿದೆ.

“ಎಂತ ಮಾರಾಯ, ಬಲ್ಬಿಗೇ ದುಡ್ಡು ಸುರಿದದ್ದಾಯ್ತು” ಅಂದರು ಮಾಷ್ಟ್ರು. ಅವರು ಬೇಸರಪಟ್ಟದ್ದರಲ್ಲಿ ತಪ್ಪಿಲ್ಲ. ನನ್ನ ಹತ್ತಿರ ಬರುವ ಮೊದಲು ಬೇರೆ ಕಡೆ ತೋರಿಸಿದ್ದರು. ಅಲ್ಲೆಲ್ಲ ಹೊಸ ಬಲ್ಬ್ ಹಾಕಿ, ಬ್ರೇಕ್ ಒತ್ತಿಸಿ, “ಆಯ್ತು, ಹೋಗಿ” ಅಂತ ಕಳಿಸಿದ್ದರು.

ಕಾರಿನ ವೈರಿಂಗ್ ಕೆಲಸ ಮಾಡುವ ನನಗೆ ಈ ತರದ ಗಾಡಿಗಳು ಮಳೆಗಾಲದಲ್ಲಿ ಜಾಸ್ತಿ ಸಿಗುತ್ತವೆ. ಇದನ್ನು ಪೂರ್ತಿ ಬರೆಯುತ್ತಿರುವುದು ಅದಕ್ಕೇ. ಲೈಟ್ ಉರಿಯದಿದ್ದರೆ ಬಲ್ಬ್ ಹೋಗಿದೆ ಅಂತ ತೀರ್ಮಾನಿಸುವುದು ಸುಲಭ. ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಪಶ್ಚಿಮಕ್ಕೆ ಹೋದರೆ ಸಮುದ್ರದ ಉಪ್ಪುಗಾಳಿ. ಇಂಥ ಕಡೆ ಬಲ್ಬಿಗಿಂತ ಮೊದಲು ಕೆಡುವುದು ಕರೆಂಟ್ ಹೋಗಿ ಬರುವ ದಾರಿ. ದಾರಿಯನ್ನು ನೋಡದೆ ಬಲ್ಬ್ ಬದಲಿಸಿದರೆ ದುಡ್ಡೂ ಹೋಗುತ್ತದೆ, ಅಪಾಯವೂ ಹಾಗೇ ಉಳಿಯುತ್ತದೆ.

ಮಾಷ್ಟ್ರ ಮಗಳ ಮನೆ ಮಂಗಳೂರಲ್ಲಿ. ಕುಂಬಳೆಗೆ ಬಂದು, ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ತಲಪಾಡಿ ದಾಟಿ ಹೋಗುತ್ತಾರೆ. ವಾಪಸು ಬರುವಾಗ ಕತ್ತಲಾಗುವುದುಂಟು. ಒಮ್ಮೆ ಪೆಟ್ರೋಲ್ ಪಂಪಿನಲ್ಲಿ ನಿಂತಾಗ ಹಿಂದಿನಿಂದ ಬಂದ ಲಾರಿಯ ಡ್ರೈವರ್ ಕೆಳಗಿಳಿದು ಬಂದು ಹೇಳಿದನಂತೆ: “ಬ್ರೇಕ್ ಹಿಡಿದರೆ ನಿಮ್ಮ ಬಲಗಡೆ ಲೈಟ್ ಜಾಸ್ತಿ ಆಗುವ ಬದಲು ಕಮ್ಮಿ ಆಗ್ತದೆ.”

ಈ ಇಡೀ ಪ್ರಕರಣದಲ್ಲಿ ನನಗೆ ಸಿಕ್ಕಿದ ಅತಿ ಬೆಲೆಬಾಳುವ ಮಾಹಿತಿ ಅದು. ಮಾಷ್ಟ್ರು ಅದನ್ನು ಎಲ್ಲ ಕಡೆಯೂ ಹೇಳಿದ್ದರು. ಕೇಳಿದವರು “ಬ್ರೇಕ್ ಲೈಟ್ ಇಲ್ಲ” ಅಂತ ಅರ್ಥ ಮಾಡಿಕೊಂಡರು. ಇಲ್ಲದಿರುವುದು ಬೇರೆ, ಕಮ್ಮಿಯಾಗುವುದು ಬೇರೆ. ಬಲ್ಬಿನ ಬ್ರೇಕ್ ಫಿಲಮೆಂಟ್ (ಬಲ್ಬಿನೊಳಗೆ ಉರಿಯುವ ಸಣ್ಣ ತಂತಿ) ಸುಟ್ಟು ಹೋಗಿದ್ದರೆ, ಬ್ರೇಕ್ ಒತ್ತಿದಾಗ ಮೊದಲಿದ್ದ ಕೆಂಪು ಬೆಳಕು ಹಾಗೆಯೇ ಇರುತ್ತದೆ. ಕಮ್ಮಿಯಾಗಲು ಕಾರಣವೇ ಇಲ್ಲ. ಹೊತ್ತಿದ ಲೈಟು ಬ್ರೇಕ್ ಒತ್ತಿದಾಗ ಇಳಿಯುತ್ತದೆ ಅಂದರೆ ಎರಡು ಕರೆಂಟು ಎಲ್ಲೋ ಒಂದು ಕಡೆ ಸೇರಿ ಸಿಕ್ಕಿಕೊಂಡಿವೆ ಅಂತಲೇ ಲೆಕ್ಕ.

ಸಂಜೆ ಕತ್ತಲಾಗುವ ಹೊತ್ತಿಗೆ ಗಾಡಿ ತರಲು ಹೇಳಿದೆ. ಹಗಲು ಬೆಳಕಿನಲ್ಲಿ ಮಂಕು ಲೈಟಿಗೂ ಒಳ್ಳೆ ಲೈಟಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಹಿಂದೆ ನಿಂತು ನೋಡುವವರನ್ನು “ಉರಿತದಾ?” ಅಂತ ಕೇಳಿದರೆ “ಉರೀತಾ ಉಂಟು” ಅಂತಲೇ ಹೇಳುತ್ತಾರೆ. ಮೊದಲು ನೋಡಿದ ಕಡೆ ಆದದ್ದೂ ಹೀಗೆಯೇ ಇರಬೇಕು. ಕೇಳಬೇಕಾದದ್ದು “ಎಡವೂ ಬಲವೂ ಒಂದೇ ಸಮ ಉಂಟಾ?” ಅಂತ.

ಮಾಷ್ಟ್ರನ್ನು ಒಳಗೆ ಕೂರಿಸಿ ನಾನು ಹಿಂದೆ ನಿಂತೆ. ಎಲ್ಲ ಸ್ವಿಚ್ ಆಫ್ ಇದ್ದಾಗ ಬ್ರೇಕ್ ಒತ್ತಿದರು. ಎಡಗಡೆ ಝಗ್ಗೆಂದು ಹೊತ್ತಿತು. ಬಲಗಡೆ ಮಂದ ಕೆಂಪು, ಜೊತೆಗೆ ಪಕ್ಕದ ಇಂಡಿಕೇಟರಿನಲ್ಲೂ ತೆಳ್ಳಗೆ ಕಿತ್ತಳೆ ಬಣ್ಣ. ಇಂಡಿಕೇಟರ್ ಹಾಕಿರಲೇ ಇಲ್ಲ. ಆಮೇಲೆ ಬ್ರೇಕ್ ಬಿಟ್ಟು ಪಾರ್ಕಿಂಗ್ ಲೈಟ್ ಹಾಕಿದರು. ಎಡ ಬಲ ಎರಡೂ ಸಮ, ಯಾರಿಗೂ ಸಂಶಯ ಬಾರದ ಹಾಗೆ. ಅದೇ ಸ್ಥಿತಿಯಲ್ಲಿ ಬ್ರೇಕ್ ಒತ್ತಿದಾಗ ಎಡಗಡೆ ಏರಿತು, ಬಲಗಡೆ ಇಳಿಯಿತು. ಲಾರಿಯವನು ಹೇಳಿದ್ದು ಅಕ್ಷರಶಃ ಸರಿ. ಕೊನೆಗೆ ಬಲಗಡೆ ಇಂಡಿಕೇಟರ್ ಹಾಕಿಸಿದೆ. ಅದು ಮಿಣುಕಿದಾಗೆಲ್ಲ ಪಕ್ಕದ ಕೆಂಪೂ ಅದರ ಜೊತೆಗೆ ಮಿಣುಕಿತು.

ಒಂದು ಲೈಟಿನ ಕೆಲಸದಲ್ಲಿ ಇನ್ನೊಂದು ಲೈಟು ತಲೆಹಾಕಿದರೆ ಮೊದಲು ನೋಡಬೇಕಾದದ್ದು ಅರ್ತ್, ಅಂದರೆ ಕರೆಂಟ್ ವಾಪಸು ಹೋಗುವ ದಾರಿ. ಕಾರಿನಲ್ಲಿ ಪ್ರತಿ ಬಲ್ಬಿಗೂ ಪಾಸಿಟಿವ್ ವೈರು ಬೇರೆ ಬೇರೆ ಬರುತ್ತದೆ. ವಾಪಸು ಹೋಗುವ ವೈರು ಮಾತ್ರ ಒಂದು ಕಡೆಯ ಲೈಟುಗಳಿಗೆಲ್ಲ ಸಾಮಾನ್ಯವಾಗಿ ಒಂದೇ. ಅದು ಬಾಡಿಯ ತಗಡಿಗೆ ಬೋಲ್ಟ್ ಆಗಿರುತ್ತದೆ. ತೋಟದಲ್ಲಿ ನೀರು ಹೊರಗೆ ಹೋಗುವ ದೊಡ್ಡ ಕಣಿ ಕಟ್ಟಿಕೊಂಡರೆ ಏನಾಗುತ್ತದೆ? ನೀರು ಪಕ್ಕದ ಸಾಲಿನ ಕಣಿಗೆ ಹಿಂದಕ್ಕೆ ನುಗ್ಗುತ್ತದೆ, ಅಲ್ವಾ? ಇಲ್ಲಿಯೂ ಅದೇ ಆದದ್ದು. ಬ್ರೇಕಿನ ಕರೆಂಟಿಗೆ ನೇರ ದಾರಿ ಇಲ್ಲ. ಹಾಗಾಗಿ ಅದು ಇಂಡಿಕೇಟರ್ ಬಲ್ಬಿನ ಒಳಗೆ ಹಿಂದುಮುಂದಾಗಿ ಹಾದು, ಮುಂದಿನ ಇಂಡಿಕೇಟರ್ ಬಲ್ಬಿನ ಅರ್ತಿಗೆ ಹೋಗಿ ಸೇರುತ್ತಿತ್ತು. ಮೂರು ಬಲ್ಬ್ ಒಂದರ ಹಿಂದೆ ಒಂದು ಸಿಕ್ಕಿದಾಗ ಇರುವ 12 ವೋಲ್ಟ್ ಮೂವರಿಗೂ ಹಂಚಿಹೋಗುತ್ತದೆ. ಯಾವುದೂ ಸರಿಯಾಗಿ ಉರಿಯುವುದಿಲ್ಲ.

ಪಾರ್ಕಿಂಗ್ ಲೈಟ್ ಮಾತ್ರ ಯಾಕೆ ಸರಿಯಿತ್ತು? ಹಿಂದಿನ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತವೆ. ರಾತ್ರಿ ಸದಾ ಉರಿಯುವುದು 5 ವ್ಯಾಟಿನದ್ದು, ಬ್ರೇಕಿನದ್ದು 21 ವ್ಯಾಟಿನದ್ದು. 5 ವ್ಯಾಟಿನದ್ದಕ್ಕೆ ಬೇಕಾದ ಕರೆಂಟ್ ಅರ್ಧ ಆಂಪಿಯರೂ ಇಲ್ಲ. ಅಷ್ಟನ್ನು ಸುತ್ತುದಾರಿಯಲ್ಲೂ ಕಳಿಸಬಹುದು. 21 ವ್ಯಾಟಿಗೆ ಸುಮಾರು 1.75 ಆಂಪಿಯರ್ ಬೇಕು. ಅಲ್ಲಿ ಬಣ್ಣ ಬಯಲಾಗುತ್ತದೆ. ಹಾಗಾಗಿ ಇಂಥ ದೋಷ ಬ್ರೇಕ್ ಹಿಡಿದಾಗಲೇ, ಅಂದರೆ ಲೈಟು ನಿಜವಾಗಿ ಬೇಕಾದ ಹೊತ್ತಿಗೇ, ಕೈಕೊಡುತ್ತದೆ.

ಊಹೆ ಸರಿಯೇ ಅಂತ ಮೀಟರ್ ಇಟ್ಟು ನೋಡಿದೆ. ಬ್ರೇಕ್ ಒತ್ತಿಸಿ, ಹೋಲ್ಡರಿನ ಬ್ರೇಕ್ ಚುಕ್ಕೆಯಲ್ಲಿ ಅಳೆದರೆ 12 ವೋಲ್ಟ್. ಅಂದರೆ ಸ್ವಿಚ್, ಫ್ಯೂಸ್, ವೈರು ಎಲ್ಲ ಸರಿ. ನಂತರ ಕಪ್ಪು ಕಡ್ಡಿಯನ್ನು ಬಾಡಿಯ ಚೊಕ್ಕ ಬೋಲ್ಟಿಗೆ, ಕೆಂಪು ಕಡ್ಡಿಯನ್ನು ಹೋಲ್ಡರಿನ ಹಿತ್ತಾಳೆ ಬುಡಕ್ಕೆ ಇಟ್ಟೆ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. 0.1, 0.2 ಇದ್ದರೂ ಸೈ. ಇಲ್ಲಿ ಇದ್ದದ್ದು 8 ವೋಲ್ಟಿನ ಹತ್ತಿರ. ಈ ಅಳತೆಯನ್ನು ಲೈಟ್ ಹೊತ್ತಿರುವಾಗಲೇ ಮಾಡಬೇಕು. ಆಫ್ ಮಾಡಿ ನೋಡಿದರೆ ಕೊಳೆತ ಅರ್ತೂ ಸಾಚಾ ಅಂತ ಕಾಣುತ್ತದೆ.

ಮೀಟರ್ ಇಲ್ಲದವರಿಗೂ ಒಂದು ದಾರಿ ಉಂಟು. ಒಂದು ಮೊಳ ವೈರಿನ ಎರಡೂ ತುದಿ ಸುಲಿದು, ಒಂದನ್ನು ಹೋಲ್ಡರಿನ ಅರ್ತಿಗೂ ಇನ್ನೊಂದನ್ನು ಬಣ್ಣ ಇಲ್ಲದ ಬೋಲ್ಟಿಗೂ ಒತ್ತಿ ಹಿಡಿಯಬೇಕು. ನಾನು ಹಿಡಿದ ಕೂಡಲೇ ಬಲಗಡೆಯ ಬ್ರೇಕ್ ಲೈಟ್ ಎಡಗಡೆಯ ಹಾಗೆಯೇ ಹೊತ್ತಿತು. ವೈರು ತೆಗೆದರೆ ಮಂಕು, ಇಟ್ಟರೆ ಝಗ್ಗು. ಮಾಷ್ಟ್ರನ್ನು ಇಳಿಸಿ ಹಿಂದೆ ಕರೆದು ತೋರಿಸಿದೆ. ಗಾಡಿಯ ಯಜಮಾನರಿಗೆ ಕಣ್ಣಾರೆ ತೋರಿಸುವುದು ಮುಖ್ಯ. ಇಲ್ಲದಿದ್ದರೆ ನಾಳೆ ಇನ್ಯಾರೋ ಬಲ್ಬ್ ಮಾರುತ್ತಾರೆ.

ತೆಗೆದುಹಾಕಿದ ಹಳೆ ಬಲ್ಬುಗಳನ್ನು ಅವರು ಎಸೆದಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಕವರಿನೊಳಗೆ ಇದ್ದವು. ಒಂದೊಂದನ್ನೂ ನೇರ ಬ್ಯಾಟರಿಗೆ ಹಿಡಿದು ನೋಡಿದೆ. ಎಲ್ಲದರಲ್ಲೂ ಎರಡೂ ಫಿಲಮೆಂಟ್ ಹೊತ್ತಿದವು. ಒಂದೂ ಸತ್ತಿರಲಿಲ್ಲ.

ಡಿಕ್ಕಿಯ ಬಲಬದಿಯ ಪ್ಲಾಸ್ಟಿಕ್ ತೆಗೆದಾಗ ಒಳಗಿನಿಂದ ಮುಗ್ಗಲು ವಾಸನೆ ಬಂತು. ಕಾರ್ಪೆಟ್ ಒದ್ದೆ. ಸ್ಟೆಪ್ನಿ ಟಯರಿನ ಗುಂಡಿಯಲ್ಲಿ ನೀರು. ಟೈಲ್ ಲ್ಯಾಂಪಿನ ಕೆಳಗೆ ಒಂದು ಕಪ್ಪು ವೈರು, ಅಂದರೆ ಅರ್ತ್ ವೈರು, ರಿಂಗ್ ಲಗ್ (ವೈರಿನ ತುದಿಯ ಲೋಹದ ಬಳೆ) ಸಮೇತ ಬಾಡಿಗೆ ಬೋಲ್ಟ್ ಆಗಿತ್ತು. ಲಗ್ಗಿನ ಮೇಲೆ ಹಸಿರು ಕಿಲುಬು ಹಿಟ್ಟಿನ ಹಾಗೆ ಕೂತಿತ್ತು. ಸ್ಪಾನರ್ ಹಾಕಿ ತಿರುಗಿಸಿದರೆ ಕೆಳಗಿನಿಂದ ಕೆಂಪು ತುಕ್ಕು ಪದರ ಪದರವಾಗಿ ಉದುರಿತು. ಲಗ್ ಹಿಡಿದು ಸ್ವಲ್ಪ ಅಲ್ಲಾಡಿಸಿದೆ. ವೈರಿನ ಎಳೆಗಳಲ್ಲಿ ಅರ್ಧಕ್ಕರ್ಧ ಆಗಲೇ ತುಂಡಾಗಿದ್ದವು.

ನೀರು ಬಂದದ್ದು ಎಲ್ಲಿಂದ? ಲ್ಯಾಂಪಿಗೂ ಬಾಡಿಗೂ ನಡುವೆ ನೀರು ತಡೆಯಲು ಇರುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಈ ಗಾಡಿಯಲ್ಲಿ ಬಲ್ಬ್ ಬದಲಿಸಬೇಕಾದರೆ ಇಡೀ ಲ್ಯಾಂಪನ್ನು ಹೊರಗೆ ತೆಗೆಯಬೇಕು. ಪ್ರತಿ ಸಲ ತೆಗೆದು ಹಾಕುವಾಗಲೂ ಹಳೆ ಗ್ಯಾಸ್ಕೆಟ್ ಇನ್ನಷ್ಟು ಜಾರಿದೆ. ಒಂದು ನಟ್ಟು ಪೂರ್ತಿ ಬಿಗಿಯೂ ಆಗಿರಲಿಲ್ಲ. ಅಂದರೆ ಬೇಡದ ಬಲ್ಬ್ ಹಾಕಲು ಹೋಗಿ, ಅರ್ತನ್ನು ತಿನ್ನುವ ನೀರಿಗೆ ಬಾಗಿಲು ತೆರೆದುಕೊಟ್ಟ ಹಾಗಾಯಿತು. ಇದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಬೇಕಂತಲೇ ಯಾರೂ ಹಾಳು ಮಾಡಿದ್ದಲ್ಲ. ಆದರೆ ಡಿಕ್ಕಿಯ ಕಾರ್ಪೆಟ್ ಒಮ್ಮೆ ಮುಟ್ಟಿ ನೋಡಿದ್ದರೂ ಸಾಕಿತ್ತು.

ಕೆಲಸ ದೊಡ್ಡದಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಕಪ್ಪು ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋದೆ. ಕಿಲುಬು ಪ್ಲಾಸ್ಟಿಕ್ ಸಿಪ್ಪೆಯ ಒಳಗೂ ಹತ್ತಿರುತ್ತದೆ. ಕಪ್ಪಾದ ತಾಮ್ರಕ್ಕೆ ಹೊಸ ಲಗ್ ಹಾಕಿ ಪ್ರಯೋಜನ ಇಲ್ಲ. ಕಡಿಮೆಯಾದ ಉದ್ದಕ್ಕೆ ಅದೇ ದಪ್ಪದ ವೈರು ಸೇರಿಸಿ, ಹೊಸ ಲಗ್ ಒತ್ತಿ ಸೋಲ್ಡರ್ ಮಾಡಿದೆ. ಬಾಡಿಯ ಜಾಗವನ್ನು ಎಮೆರಿ ಪೇಪರಿನಲ್ಲಿ ಬಿಳಿ ತಗಡು ಕಾಣುವವರೆಗೆ ಉಜ್ಜಿದೆ. ಹಲ್ಲಿರುವ ವಾಶರ್ ಇಟ್ಟು ಬಿಗಿದೆ. ಆಮೇಲೆ ಮೇಲಿನಿಂದ ದಪ್ಪಕ್ಕೆ ಗ್ರೀಸ್ ಬಳಿದೆ. ಹೋಲ್ಡರಿನ ಹಿತ್ತಾಳೆ ನಾಲಗೆಗಳನ್ನು ಉಜ್ಜಿ ಸ್ವಲ್ಪ ಮೇಲಕ್ಕೆ ಎತ್ತಿದೆ. ಹೊಸ ಗ್ಯಾಸ್ಕೆಟ್ ಕೂರಿಸಿ, ಮಗ್ಗಿನಲ್ಲಿ ನೀರು ಹೊಯ್ದು, ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ತೊಟ್ಟು ನೀರೂ ಬರಲಿಲ್ಲ. ಮೀಟರಿನಲ್ಲಿ 8 ಇದ್ದ ಕಡೆ ಈಗ 0.1 ಕೂಡ ಇಲ್ಲ.

ಬಲ್ಬ್? ಅವರದ್ದೇ ಹಳೆ ಬಲ್ಬುಗಳಲ್ಲಿ ಒಂದನ್ನು ಹಾಕಿದೆ. ಈ ಬಲ್ಬ್ ಹಾಕುವಾಗ ಒಂದು ಎಚ್ಚರ ಬೇಕು. ಬುಡದ ಎರಡು ಪಿನ್ನುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುತ್ತದೆ. ಹಾಗೆ ಮಾಡಿದ್ದೇ ತಿರುವುಮುರುವು ಹಾಕಬಾರದು ಅಂತ. ಕೆಲವರು ಕೂರುವುದಿಲ್ಲ ಅಂತ ಒತ್ತಿ ತಿರುಗಿಸಿಬಿಡುತ್ತಾರೆ. ಆಗ ರಾತ್ರಿಯಿಡೀ 21 ವ್ಯಾಟ್ ಉರಿಯುತ್ತದೆ, ಬ್ರೇಕಿಗೆ 5 ವ್ಯಾಟ್ ಉಳಿಯುತ್ತದೆ. ಹಿಂದಿನವರಿಗೆ ಬ್ರೇಕ್ ಹಿಡಿದದ್ದೇ ತಿಳಿಯುವುದಿಲ್ಲ. ಹೋಲ್ಡರಿನ ಪ್ಲಾಸ್ಟಿಕ್ಕೂ ಬಿಸಿಗೆ ಕರಗುತ್ತದೆ.

ಇನ್ನು ಹೆಡ್‌ಲೈಟ್. ಬಾನೆಟ್ ಎತ್ತಿ ನೋಡಿದರೆ ಎಡಗಡೆ ಲ್ಯಾಂಪಿನ ಹಿಂದಿನ ರಬ್ಬರ್ ಟೋಪಿ ಅರ್ಧ ಕಿತ್ತುಕೊಂಡಿತ್ತು. ಒಳಗೆ ಹಬೆ ಕಟ್ಟಿ ರಿಫ್ಲೆಕ್ಟರಿನ ಬೆಳ್ಳಿಬಣ್ಣ ಮಸುಕಾಗಿತ್ತು. ಬೆಳಕು ಸಾಲದು ಅಂತ ಮೊದಲಿನವರು 100/90 ವ್ಯಾಟಿನ (ಬ್ರೈಟಿಗೆ 100, ಡಿಮ್ಮಿಗೆ 90) ಬಲ್ಬ್ ಹಾಕಿದ್ದರು. ಕಂಪನಿಯಿಂದ ಬರುವ ಎಚ್4 ಬಲ್ಬ್ (ಬ್ರೈಟ್, ಡಿಮ್ ಎರಡೂ ಫಿಲಮೆಂಟ್ ಇರುವ ಹೆಡ್‌ಲೈಟ್ ಬಲ್ಬ್) 60/55 ವ್ಯಾಟಿನದ್ದು. ಡಿಮ್ಮಿನಲ್ಲಿ ನಾಲ್ಕೂವರೆ ಆಂಪಿಯರ್ ಹರಿಯಬೇಕಾದ ವೈರಿನಲ್ಲಿ ಏಳೂವರೆ ಹರಿದರೆ ಅದು ಬಿಸಿಯಾಗದೆ ಇರುತ್ತದಾ? ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಒಂದು ಟರ್ಮಿನಲ್ ಸಡಿಲ. ಸಡಿಲ ಜಾಗ ಇನ್ನಷ್ಟು ಬಿಸಿಯಾಗುತ್ತದೆ, ವೋಲ್ಟೇಜ್ ಅಲ್ಲಿಯೇ ಕಳೆದುಹೋಗುತ್ತದೆ. ಬಲ್ಬಿಗೆ ಸಿಗುವ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ದೊಡ್ಡ ಬಲ್ಬ್ ಹಾಕಿಯೂ ಮಂಕಾಗಿದ್ದು ಹೀಗೆ.

ಹೋಲ್ಡರ್ ಬದಲಿಸಿದೆ. ಎರಡೂ ಕಡೆ 60/55ರ ಹೊಸ ಬಲ್ಬ್ ಹಾಕಿದೆ. ಹೆಡ್‌ಲೈಟನ್ನು ಜೋಡಿಯಾಗಿಯೇ ಬದಲಿಸುವುದು ಒಳ್ಳೆಯದು. ಒಂದು ಹಳತು, ಒಂದು ಹೊಸತು ಇದ್ದರೆ ಬೆಳಕು ಒಂದೇ ಸಮ ಇರುವುದಿಲ್ಲ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆಯಂಶ ಅಂಟಿದ ಕಡೆ ಗಾಜು ವಿಪರೀತ ಕಾದು ಬೇಗ ಕೆಡುತ್ತದೆ. ಬುಡ ಹಿಡಿದೇ ಹಾಕಬೇಕು. ಅಕಸ್ಮಾತ್ ಮುಟ್ಟಿದರೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿದರಾಯಿತು. ಬಲ್ಬಿನ ಬುಡದ ಮೂರು ಕಿವಿಗಳು ಲ್ಯಾಂಪಿನ ಕಚ್ಚುಗಳಲ್ಲಿ ಸರಿಯಾಗಿ ಕೂತು, ಸ್ಪ್ರಿಂಗ್ ಕ್ಲಿಪ್ ಬಿದ್ದ ಮೇಲೆ ರಬ್ಬರ್ ಟೋಪಿಯನ್ನು ಸುತ್ತಲೂ ಒತ್ತಬೇಕು. ಈ ಟೋಪಿಯನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಟಿ ತಿಂಗಳ ಜೋರು ಮಳೆಯಲ್ಲಿ ಅದಿಲ್ಲದೆ ಲ್ಯಾಂಪು ಉಳಿಯುವುದಿಲ್ಲ.

“ಎಲ್‌ಇಡಿ ಹಾಕಿದರೆ ಒಳ್ಳೆ ಬೆಳಕು ಬರ್ತದಂತೆ, ಹೌದಾ?” ಅಂತ ಮಾಷ್ಟ್ರು ಕೇಳಿದರು.

“ನಿಮಗೆ ಬರ್ತದೆ ಮಾಷ್ಟ್ರೇ, ಎದುರಿನವನಿಗೆ ಕಣ್ಣು ಕತ್ತಲೆ ಬರ್ತದೆ” ಅಂದೆ.

ಇದು ಸುಮ್ನೆ ಹೆದರಿಸಲು ಹೇಳಿದ ಮಾತಲ್ಲ. ಎಚ್4 ಬಲ್ಬಿನಲ್ಲಿ ಡಿಮ್ ಫಿಲಮೆಂಟಿನ ಕೆಳಗೆ ಒಂದು ಸಣ್ಣ ಲೋಹದ ತಟ್ಟೆ ಇರುತ್ತದೆ. ಅದು ಬೆಳಕನ್ನು ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದಂತೆ ತಡೆಯುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಹೊಡೆಯದೆ ಇರುವುದು ಅದರಿಂದ. ರಿಫ್ಲೆಕ್ಟರಿನ ಆಕಾರವೇ ಆ ಫಿಲಮೆಂಟ್ ಇರುವ ಜಾಗಕ್ಕೆ ತಕ್ಕ ಹಾಗೆ ಮಾಡಿದ್ದು. ಎಲ್‌ಇಡಿಯ ಚಿಪ್ಪು ಕೂದಲೆಳೆಯಷ್ಟು ಆಚೀಚೆಯಾದರೂ ಬೆಳಕು ಎಲ್ಲ ಕಡೆ ಚೆಲ್ಲುತ್ತದೆ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಮಳೆ ಹೊಯ್ಯುವಾಗ ಅಂಥ ಗಾಡಿ ಎದುರು ಬಂದರೆ ರಸ್ತೆಯ ಅಂಚು ಕಾಣುವುದೇ ಇಲ್ಲ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಇನ್ನೊಂದು ತೊಂದರೆ. ಅದು ಎಳೆಯುವ ಕರೆಂಟ್ ತೀರಾ ಕಮ್ಮಿ. ಬಲ್ಬ್ ಸತ್ತಿದೆ ಅಂತ ಫ್ಲಾಶರ್ (ಇಂಡಿಕೇಟರನ್ನು ಮಿಣುಕಿಸುವ ಸಾಧನ) ತಿಳಿದು ಟಕಟಕ ಅಂತ ವೇಗವಾಗಿ ಬಡಿಯುತ್ತದೆ. ಹಳೆ ಗಾಡಿಗಳಲ್ಲಿ ಆ ವೇಗದ ಬಡಿತವೇ ಬಲ್ಬ್ ಹೋದದ್ದಕ್ಕೆ ಸೂಚನೆ. ಅದನ್ನು ನಾವೇ ಕೆಡಿಸಿಕೊಂಡ ಹಾಗಾಗುತ್ತದೆ.

ಬಲ್ಬ್ ಬದಲಿಸಿದ ಮೇಲೆ ಗೋಡೆಗೆ ಬೆಳಕು ಬಿಟ್ಟು ನೋಡಬೇಕು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿದೆ. ಲ್ಯಾಂಪಿನ ನಡುಭಾಗ ನೆಲದಿಂದ ಎಷ್ಟು ಎತ್ತರವೋ, ಗೋಡೆಯ ಮೇಲೆ ಡಿಮ್ಮಿನ ಅಂಚು ಅದಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಅಂಚಿನ ಎಡ ತುದಿ ಸ್ವಲ್ಪ ಮೇಲೆದ್ದಿರಬೇಕು, ರಸ್ತೆ ಬದಿಯಲ್ಲಿ ನಡೆಯುವವರು ಕಾಣಲಿ ಅಂತ. ಎಡಗಡೆ ಲ್ಯಾಂಪು ಮೇಲಕ್ಕೆ ನೋಡುತ್ತಿತ್ತು, ಸ್ಕ್ರೂ ತಿರುಗಿಸಿ ಇಳಿಸಿದೆ. ಮಸುಕಾದ ರಿಫ್ಲೆಕ್ಟರಿಗೆ ಮದ್ದಿಲ್ಲ. ಮುಂದೆ ಲ್ಯಾಂಪನ್ನೇ ಬದಲಿಸಬೇಕಾಗುತ್ತದೆ ಅಂತ ಆಗಲೇ ಹೇಳಿದೆ.

ನಂಬರ್ ಪ್ಲೇಟಿನ ಲೈಟೂ ಉರಿಯುತ್ತಿರಲಿಲ್ಲ. ಅದರ ಬಗ್ಗೆ ಮಾಷ್ಟ್ರು ದೂರೇ ಕೊಟ್ಟಿರಲಿಲ್ಲ. 5 ವ್ಯಾಟಿನ ಗಾಜಿನ ಬುಡದ ಬಲ್ಬ್, ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಈ ಇಡೀ ಗಾಡಿಯಲ್ಲಿ ನಿಜವಾಗಿ ಸುಟ್ಟುಹೋದ ಬಲ್ಬ್ ಅದೊಂದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು, ನಂಬರ್ 15 ಮೀಟರಿನಿಂದ ಓದಲು ಬರಬೇಕು. ಚಾರ್ಜಿಂಗ್ ಕೂಡ ನೋಡಿದೆ, 14.1 ವೋಲ್ಟ್. 15 ದಾಟಿದರೆ ಎಲ್ಲ ಬಲ್ಬುಗಳೂ ಬೇಗ ಬೇಗ ಸುಡುತ್ತವೆ. ಇಲ್ಲಿ ಆ ಸಮಸ್ಯೆ ಇರಲಿಲ್ಲ.

ಎಡಗಡೆಯ ಅರ್ತ್ ಬೋಲ್ಟನ್ನೂ ಬಿಚ್ಚಿ ನೋಡಿದೆ. ಅಲ್ಲಿಯೂ ಕಿಲುಬು ಶುರುವಾಗಿತ್ತು. ಉಜ್ಜಿ ಗ್ರೀಸ್ ಹಾಕಿದೆ. ಒಬ್ಬರೇ ಇದ್ದಾಗ ಲೈಟ್ ನೋಡುವುದು ಹೇಗೆ ಅಂತ ಮಾಷ್ಟ್ರು ಕೇಳಿದರು. ರಾತ್ರಿ ಶೆಡ್ಡಿಗೆ ಹಿಮ್ಮುಖ ಹಾಕುವಾಗ ಗೋಡೆಯ ಮೇಲೆ ಬೀಳುವ ಕೆಂಪನ್ನು ಕನ್ನಡಿಯಲ್ಲಿ ನೋಡಿ, ಬ್ರೇಕ್ ಒತ್ತಿ ಎಡ ಬಲ ಹೋಲಿಸಿ, ಹಾಗೇ ಪಾರ್ಕಿಂಗ್ ಲೈಟ್ ಹಾಕಿ ಇನ್ನೊಮ್ಮೆ, ಇಂಡಿಕೇಟರ್ ಹಾಕಿ ಮತ್ತೊಮ್ಮೆ ನೋಡಿ ಅಂತ ಹೇಳಿಕೊಟ್ಟೆ. ಬಿಡಿ ಬಿಡಿಯಾಗಿ ನೋಡಿದರೆ ಇಂಥ ದೋಷ ಸಿಗುವುದಿಲ್ಲ. ಒಂದರ ಜೊತೆ ಇನ್ನೊಂದು ಹಾಕಿದಾಗಲೇ ಸಿಗುವುದು.

ಮಳೆಗಾಲ ಮುಗಿದ ಮೇಲೆ ಗಾಡಿ ಮತ್ತೆ ಬಂತು, ಆಯಿಲ್ ಬದಲಿಸುವವರ ಕಡೆ ಹೋಗುವ ದಾರಿಯಲ್ಲಿ. ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿದೆ, ಒಣಗಿತ್ತು. ಅರ್ತಿನಲ್ಲಿ 0.1 ವೋಲ್ಟೂ ಕಳೆಯುತ್ತಿರಲಿಲ್ಲ. ನಂಬರ್ ಪ್ಲೇಟಿನ ಲೈಟ್ ಮಾತ್ರ ಮತ್ತೆ ಆರಿತ್ತು. ಬಲ್ಬ್ ತೆಗೆದು ನೋಡಿದರೆ ಫಿಲಮೆಂಟ್ ಸರಿಯಾಗಿಯೇ ಇದೆ. ಈ ಸಲ ಮಾಷ್ಟ್ರೇ ಮೊದಲು ಹೇಳಿದರು, “ಹೋಲ್ಡರ್ ನೋಡು.” ಅದರ ಒಂದು ನಾಲಗೆ ತುಕ್ಕು ಹಿಡಿದು ಮುರಿದಿತ್ತು. ಹೋಲ್ಡರ್ ಬದಲಿಸಿ ಅದೇ ಬಲ್ಬ್ ಹಾಕಿ ಕೊಟ್ಟೆ.